ಕಾಡಿನ ಕಸ ಹೆಕ್ಕುವ ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಕಾರಡ್ಕ, ಆದೂರು, ದೇಲಂಪಾಡಿ, ಬಂದಡ್ಕ, ರಾಣಿಪುರಂ ಕಡೆಯ ಕಾಡುಗಳಲ್ಲಿ ಶುಚೀಕರಣಕ್ಕೆ ಬರುವ ಸ್ವಯಂಸೇವಕರಿಗೂ ಅದನ್ನು ಏರ್ಪಡಿಸುವ ಕ್ಲಬ್, ಶಾಲೆ, ಯುವಕ ಮಂಡಲಗಳಿಗೂ ಬೇಕಾಗುವ ಮಾಹಿತಿ ಇಲ್ಲಿದೆ. ಮೊದಲ ಸಲ ಬರುವವರು ಉಡುಪು, ಮುಟ್ಟಬಾರದ ವಸ್ತುಗಳು, ಹಾವು ಈ ಮೂರು ಪ್ರಶ್ನೆಗಳನ್ನಾದರೂ ಓದಿಕೊಂಡು ಬನ್ನಿ. ಏರ್ಪಡಿಸುವವರು ಅನುಮತಿ ಮತ್ತು ಕಸದ ಸಾಗಾಟದ ಉತ್ತರಗಳನ್ನು ಪೂರ್ತಿ ಓದಲೇಬೇಕು.

ಕಾಡಿನಲ್ಲಿ ಕಸ ಎಲ್ಲಿರುತ್ತದೆ? ತುಂಬ ಒಳಗೆ ಹೋಗಬೇಕೇ?

ಬೇಡ. ಕಾಡಿನ ಕಸದಲ್ಲಿ ಬಹುಪಾಲು ಮಾರ್ಗದ ಬದಿಯಲ್ಲೇ ಸಿಗುತ್ತದೆ. ಓಡುವ ವಾಹನದಿಂದ ಎಸೆದದ್ದು, ರಾತ್ರಿ ವಾಹನ ನಿಲ್ಲಿಸಿ ತಗ್ಗಿಗೆ ದೂಡಿದ್ದು, ಕುಳಿತು ಕುಡಿದು ಬಿಟ್ಟುಹೋದದ್ದು, ಹೆಚ್ಚಿನದು ಈ ಮೂರೇ ಬಗೆ. ಚೆರ್ಕಳ–ಜಾಲ್ಸೂರು ರಸ್ತೆ ಮುಳ್ಳೇರಿಯ, ಆದೂರು ದಾಟಿ ಪರಪ್ಪದ ಕಡೆ ಕಾಡಿನ ನಡುವೆ ಹೋಗುವಂಥ ಜಾಗಗಳಲ್ಲಿ ತಿರುವು, ಮೋರಿ, ಸೇತುವೆಯ ಬುಡ, ವಾಹನ ನಿಲ್ಲಿಸಲು ಅಗಲ ಇರುವ ಅಂಚು ಇವನ್ನು ಮೊದಲು ನೋಡಿ. ಮಾರ್ಗದಿಂದ ಹತ್ತು ಮೀಟರಿನೊಳಗೆ ಚೆನ್ನಾಗಿ ಕೆಲಸ ಮಾಡಿದರೆ ದೊಡ್ಡ ಭಾಗ ಮುಗಿದಂತೆ.

ಇದಕ್ಕೆ ಹೊರತಾದದ್ದು ತೋಡು. ಮೋರಿಯ ಹತ್ತಿರ ಬಿದ್ದ ಪ್ಲಾಸ್ಟಿಕ್ ಮಳೆಗಾಲದಲ್ಲಿ ತೋಡಿಗೆ ಇಳಿದು, ಬೇರು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕಾರಡ್ಕ, ದೇಲಂಪಾಡಿ ಕಡೆಯ ಅನೇಕ ತೋಡುಗಳ ನೀರು ಪಯಸ್ವಿನಿಗೆ, ಅಲ್ಲಿಂದ ಚಂದ್ರಗಿರಿ ಹೊಳೆಗೆ ಸೇರುತ್ತದೆ. ಅಳಿವಿನಂಚಿನಲ್ಲಿರುವ ಕ್ಯಾಂಟರ್ಸ್ ದೈತ್ಯ ಮೃದುಚಿಪ್ಪಿನ ಆಮೆ ಇರುವುದು ಅದೇ ಹೊಳೆಯಲ್ಲಿ. ಇದು ಕಾಸರಗೋಡು ತನ್ನ ಜಿಲ್ಲಾ ಜೀವಿ ಎಂದು ಘೋಷಿಸಿಕೊಂಡ ಪ್ರಾಣಿ. ಹಾಗಾಗಿ ಒಂದೇ ದಿನಕ್ಕೆ ಜಾಗ ಆರಿಸಬೇಕಾದರೆ, ನೋಟಕ್ಕೆ ಹೆಚ್ಚು ಕೊಳಕಾಗಿರುವ ಜಾಗಕ್ಕಿಂತ ತೋಡಿಗೆ ಹತ್ತಿರವಿರುವ ಜಾಗವನ್ನೇ ಆರಿಸುವುದು ಒಳ್ಳೆಯದು.

ಒಳ್ಳೆಯ ಕೆಲಸಕ್ಕೂ ಅನುಮತಿ ಬೇಕೇ? ಯಾರನ್ನು ಕೇಳಬೇಕು?

ಬೇಕೇ ಬೇಕು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವುದು 1961ರ ಕೇರಳ ಅರಣ್ಯ ಕಾಯ್ದೆಯ 27ನೇ ವಿಧಿಯಡಿ ತಪ್ಪು. ಉದ್ದೇಶ ಒಳ್ಳೆಯದಿದ್ದರೂ ಅದಕ್ಕೆ ರಿಯಾಯಿತಿ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಆನೆ ಹಿಂಡು ಆ ವಾರ ಯಾವ ಕಡೆ ಇದೆ ಎಂದು ತಿಳಿದಿರುವವರು ಅರಣ್ಯ ಇಲಾಖೆಯ ವಾಚರುಗಳು. ಅವರಿಲ್ಲದೆ ಕಾಡಿಗೆ ಜನ ಕರೆದುಕೊಂಡು ಹೋಗುವುದು ಹುಚ್ಚು ಸಾಹಸ.

ಕಾಸರಗೋಡು ಅರಣ್ಯ ವಿಭಾಗದಲ್ಲಿ ಕಾಸರಗೋಡು ಮತ್ತು ಕಾಞಂಗಾಡ್ ಎಂಬ ಎರಡು ರೇಂಜ್‌ಗಳಿವೆ. ನಿಮ್ಮ ಜಾಗ ಯಾವುದಕ್ಕೆ ಸೇರುತ್ತದೋ ಆ ರೇಂಜ್ ಆಫೀಸರ್ ಅವರಿಗೆ ಕನಿಷ್ಠ ಮೂರು ವಾರ ಮೊದಲು ಪತ್ರ ಕೊಡಿ. ಪತ್ರದಲ್ಲಿ ಇರಬೇಕಾದದ್ದು ಇಷ್ಟು: ದಿನಾಂಕ, ಆರಂಭದ ಮತ್ತು ಮುಗಿಸುವ ಸಮಯ, ಎಲ್ಲಿಂದ ಎಲ್ಲಿಯವರೆಗೆ (ಮೋರಿ, ಮೈಲಿಗಲ್ಲು, ಬಸ್ ತಂಗುದಾಣ ಹೀಗೆ ಗುರುತು ಸಿಗುವಂತೆ), ಎಷ್ಟು ಜನ, ಅವರಲ್ಲಿ ಮಕ್ಕಳೆಷ್ಟು, ಜವಾಬ್ದಾರಿ ಹೊತ್ತ ಇಬ್ಬರ ಹೆಸರು ಮತ್ತು ಫೋನ್ ನಂಬರ್, ವಾಹನಗಳ ಸಂಖ್ಯೆ, ಹೆಕ್ಕಿದ ಕಸ ಎಲ್ಲಿಗೆ ಹೋಗುತ್ತದೆ ಎಂಬ ವಿವರ. ಈ ಕೊನೆಯ ಸಾಲು ಇಲ್ಲದ ಪತ್ರಕ್ಕೆ ಒಪ್ಪಿಗೆ ಸಿಗುವುದು ಕಷ್ಟ. ಸಿಕ್ಕರೂ ಅದನ್ನು ಬರೆಯದೆ ಕೆಲಸ ಶುರುಮಾಡಬೇಡಿ.

ಪತ್ರದ ಒಂದು ಪ್ರತಿ ಪಂಚಾಯತ್ ಕಾರ್ಯದರ್ಶಿಗೆ, ಇನ್ನೊಂದು ಆ ವಾರ್ಡಿನ ಸದಸ್ಯರಿಗೆ ಹೋಗಲಿ. ಮಾರ್ಗದ ಬದಿಯಲ್ಲಿ ವಾಹನ ನಿಲ್ಲಿಸುವುದಿದ್ದರೆ ಪೊಲೀಸ್ ಠಾಣೆಗೂ ತಿಳಿಸಿ. ರಾಣಿಪುರಂನಂಥ ಪ್ರವಾಸಿ ಜಾಗದಲ್ಲಿ ವನ ಸಂರಕ್ಷಣ ಸಮಿತಿಯವರನ್ನು ಸೇರಿಸಿಕೊಳ್ಳಿ. ದಿನವೂ ಅಲ್ಲಿರುವವರು ಅವರು, ಕಸ ಎಲ್ಲಿ ಅಡಗಿದೆ ಎಂದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಪತ್ರವನ್ನು ಕನ್ನಡದಲ್ಲಿ ಬರೆಯಬಹುದೇ?

ಬರೆಯಬಹುದು. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರಕಾರಿ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕಿದೆ. ಆದರೆ ಕಾಡಿನ ಕೆಲಸಕ್ಕೆ ಬರುವ ಬೀಟ್ ಆಫೀಸರ್ ಬೇರೆ ಜಿಲ್ಲೆಯವರಾಗಿದ್ದರೆ ಕನ್ನಡ ಓದಲಿಕ್ಕಿಲ್ಲ. ಜೊತೆಗೆ ಒಂದು ಪುಟದ ಮಲಯಾಳ ಸಾರಾಂಶ ಇಟ್ಟರೆ ಕೆಲಸ ಬೇಗ ಆಗುತ್ತದೆ. ಅಂದು ಕೊಡುವ ಸುರಕ್ಷತೆಯ ಸೂಚನೆಗಳನ್ನು ಮಾತ್ರ ಬಂದವರೆಲ್ಲರಿಗೂ ತಿಳಿಯುವ ಭಾಷೆಗಳಲ್ಲಿ ಹೇಳಲೇಬೇಕು: ಕನ್ನಡ, ಮಲಯಾಳ, ತುಳು. ಅರ್ಥವಾಗದ ಸೂಚನೆ ಕೊಡದಿದ್ದ ಹಾಗೆಯೇ.

ಯಾವ ತಿಂಗಳು, ಯಾವ ಹೊತ್ತು ಒಳ್ಳೆಯದು?

ನವೆಂಬರ್ ಕೊನೆಯಿಂದ ಜನವರಿ ಕೊನೆಯವರೆಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುರಕಲ್ಲಿನ ಇಳಿಜಾರು ಪಾಚಿ ಹಿಡಿದು ಜಾರುತ್ತದೆ, ತೋಡಿನಲ್ಲಿ ಇದ್ದಕ್ಕಿದ್ದಂತೆ ನೀರು ಏರುತ್ತದೆ, ಕಸ ಹುಲ್ಲಿನಡಿ ಮುಚ್ಚಿಹೋಗಿರುತ್ತದೆ. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಫೆಬ್ರವರಿಯಿಂದ ಕಾಡು ಒಣಗಿ ಬೆಂಕಿಯ ಭಯ, ಇಲಾಖೆಯವರೂ ಬೆಂಕಿ ಕಾಯುವ ಕೆಲಸದಲ್ಲಿರುತ್ತಾರೆ.

ಬೆಳಿಗ್ಗೆ 8ಕ್ಕೆ ಶುರುಮಾಡಿ 11:30ಕ್ಕೆ ಹೆಕ್ಕುವುದನ್ನು ನಿಲ್ಲಿಸಿ. ಮುಂಜಾನೆ ಬೇಗ ಹೋದರೆ ಬಿಸಿಲು ತಪ್ಪಿಸಬಹುದು ಎಂದು ಕೆಲವರು 6ಕ್ಕೇ ಸೇರಿಸುತ್ತಾರೆ. ಆನೆ, ಕಾಟಿ, ಹಂದಿ ಮಾರ್ಗ ದಾಟುವ ಹೊತ್ತು ಅದೇ. ವಾಚರುಗಳು ಒಮ್ಮೆ ನಡೆದು ಬಂದು ಸರಿ ಎಂದ ಮೇಲಷ್ಟೇ ಜನ ವಾಹನದಿಂದ ಇಳಿಯಬೇಕು. 11:30ರ ನಂತರದ ಒಂದೂವರೆ ಗಂಟೆ ವಿಂಗಡಿಸಲು, ತೂಗಲು, ಲೋಡ್ ಮಾಡಲು ಬೇಕಾಗುತ್ತದೆ. ಈ ಸಮಯವನ್ನು ಲೆಕ್ಕಕ್ಕೆ ಹಿಡಿಯದೆ ಹೋದ ತಂಡಗಳೇ ಗೋಣಿಗಳನ್ನು ಮಾರ್ಗದ ಬದಿ ಬಿಟ್ಟು ಊಟಕ್ಕೆ ಹೊರಡುವುದು.

ಎಷ್ಟು ಜನ ಸಾಕು?

ಇಪ್ಪತ್ತೈದರಿಂದ ಮೂವತ್ತು. ನೂರು ಜನ ಬಂದರೆ ಫೋಟೋ ಚೆನ್ನಾಗಿ ಬರುತ್ತದೆ, ಕೆಲಸ ಕೆಡುತ್ತದೆ: ವಾಹನ ನಿಲ್ಲಿಸಲು ಜಾಗವಿಲ್ಲ, ಗದ್ದಲ ಹೆಚ್ಚು, ಹುಲ್ಲು ಸಸಿಗಳೆಲ್ಲ ತುಳಿತಕ್ಕೆ ಸಿಗುತ್ತವೆ, ಯಾರು ಎಲ್ಲಿದ್ದಾರೆಂದು ಎಣಿಸಲಾಗುವುದಿಲ್ಲ.

ಐದೈದು ಜನರ ಗುಂಪು ಮಾಡಿ. ಇಬ್ಬರು ಹೆಕ್ಕುವವರು, ಒಬ್ಬರು ಗೋಣಿಯ ಬಾಯಿ ಹಿಡಿಯುವವರು, ಒಬ್ಬರು ತುಂಬಿದ್ದನ್ನು ಮಾರ್ಗಕ್ಕೆ ತರುವವರು, ಒಬ್ಬರು ಮುಂದಾಳು. ಮುಂದಾಳು ಹೆಕ್ಕಬಾರದು. ಎದುರು, ಮೇಲೆ, ಕೆಳಗೆ ನೋಡುತ್ತಾ ಇರುವುದೇ ಅವರ ಕೆಲಸ. ಸಾಮಾನ್ಯ ಕಸವಿರುವ ಮಾರ್ಗದ ಬದಿಯಲ್ಲಿ ಮೂರು ಗಂಟೆಗೆ ಒಂದು ಗುಂಪಿಗೆ 200 ಮೀಟರಿಗಿಂತ ಹೆಚ್ಚು ವಹಿಸಬೇಡಿ. ಕಸ ಗುಡ್ಡೆ ಬಿದ್ದಿರುವ ಜಾಗವಾದರೆ 30 ಮೀಟರೂ ದೊಡ್ಡದೇ.

ಮಕ್ಕಳನ್ನು ಕರೆತರಬಹುದೇ?

ಹನ್ನೆರಡರ ಕೆಳಗಿನವರು ಬೇಡ. ಹೈಸ್ಕೂಲಿನ ಮಕ್ಕಳು ತಂದೆತಾಯಿಯ ಸಹಿ ಇರುವ ಒಪ್ಪಿಗೆ ಪತ್ರದೊಂದಿಗೆ, ಐದು ಮಕ್ಕಳಿಗೆ ಒಬ್ಬ ದೊಡ್ಡವರಂತೆ ಬರಬಹುದು. ಅವರಿಗೆ ಗಾಜು, ಇಳಿಜಾರು, ಮೂಟೆ ಕಟ್ಟಿ ಎಸೆದ ಮನೆಕಸ ಈ ಮೂರೂ ಇಲ್ಲದ ಜಾಗ ಕೊಡಿ. ತೂಕ ಬರೆಯುವುದು, ಪಟ್ಟಿ ಮಾಡುವುದು, ನೀರು ಹಂಚುವುದು ಸಣ್ಣ ಕೆಲಸವಲ್ಲ. ಮಕ್ಕಳು ಅದನ್ನು ದೊಡ್ಡವರಿಗಿಂತ ಶಿಸ್ತಾಗಿ ಮಾಡುತ್ತಾರೆ.

ಏನು ಹಾಕಿಕೊಂಡು ಬರಬೇಕು?

ಪೂರ್ತಿ ತೋಳಿನ ಅಂಗಿ, ದಪ್ಪ ಪ್ಯಾಂಟು, ಕಣಕಾಲು ಮುಚ್ಚುವ ಬೂಟು. ಸೀರೆ, ಮುಂಡು, ಬರ್ಮುಡಾ ಯಾವುದೂ ಬೇಡ. ಚಪ್ಪಲಿ ಹಾಕಿ ಬಂದವರನ್ನು ವಿಂಗಡಣೆಯ ಜಾಗದಲ್ಲೇ ಉಳಿಸಿಕೊಳ್ಳಿ, ಎಷ್ಟು ಒತ್ತಾಯಿಸಿದರೂ ಕಾಡಿನ ಅಂಚಿಗೆ ಬಿಡಬೇಡಿ. ಕಾಲುಚೀಲದೊಳಗೆ ಪ್ಯಾಂಟಿನ ತುದಿ ಸೇರಿಸಿಕೊಳ್ಳಿ. ತಿಳಿ ಬಣ್ಣದ ಬಟ್ಟೆಯಾದರೆ ಉಣುಗು ಹತ್ತಿದ್ದು ಕಣ್ಣಿಗೆ ಬೀಳುತ್ತದೆ. ತಲೆಗೆ ಟೋಪಿ ಅಥವಾ ಮುಟ್ಟಾಳೆ. ಅತ್ತರು, ಸೆಂಟು, ಪರಿಮಳದ ಎಣ್ಣೆ ಬೇಡ. ಗಾಢ ಪರಿಮಳ ಹೆಜ್ಜೇನನ್ನು ಕೆರಳಿಸಬಹುದು.

ಪ್ರತಿಯೊಬ್ಬರೂ ಎರಡು ಲೀಟರ್ ನೀರು, ಒಂದು ಸ್ಟೀಲ್ ಲೋಟ, ದಿನಾ ತೆಗೆದುಕೊಳ್ಳುವ ಮದ್ದು ತನ್ನಿ. ಟೆಟನಸ್ ಚುಚ್ಚುಮದ್ದು ಹಾಕಿಸಿ ಹತ್ತು ವರ್ಷ ದಾಟಿದ್ದರೆ ಮೊದಲೇ ಹಾಕಿಸಿಕೊಂಡು ಬನ್ನಿ. ಜೇನು, ಕಡಜ ಕಚ್ಚಿದರೆ ಉಸಿರು ಕಟ್ಟುವ ಅಲರ್ಜಿ ಇರುವವರು ಮುಂದಾಳಿಗೆ ಗುಟ್ಟಾಗಿಯಾದರೂ ತಿಳಿಸಬೇಕು.

ಏರ್ಪಡಿಸುವವರು ಏನೆಲ್ಲ ತರಬೇಕು?

ಮೂವತ್ತು ಜನರಿಗೆ ಲೆಕ್ಕ ಹೇಳುವುದಾದರೆ: ಅಕ್ಕಿಯ ಖಾಲಿ ಗೋಣಿ (ಪ್ಲಾಸ್ಟಿಕ್ ನೇಯ್ಗೆಯದ್ದು, 50 ಕಿಲೋದ್ದು) 90, ರಬ್ಬರ್ ಲೇಪನದ ಹತ್ತಿಯ ಕೈಗವಸು 40 ಜೊತೆ, ಉದ್ದ ಹಿಡಿಯ ಇಕ್ಕಳ 12, ಪೈಂಟಿನ ಖಾಲಿ ಬಕೆಟ್ 6, ಟಾರ್ಪಾಲು 3, ತೆಂಗಿನ ಹುರಿಹಗ್ಗ ಒಂದು ದೊಡ್ಡ ಉಂಡೆ, ಕತ್ತರಿ 4, ಕೊಕ್ಕೆಯ ತೂಕದ ಯಂತ್ರ 1, ಸೀಟಿ 6, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ 2, ಮಾರ್ಗದ ಎರಡೂ ತುದಿಗೆ ನಿಲ್ಲುವವರಿಗೆ ಹೊಳೆಯುವ ಜಾಕೆಟು ಮತ್ತು ಕೆಂಪು ಬಾವುಟ.

ಅಂಗಡಿಯ ತೆಳು ಕಪ್ಪು ಕವರುಗಳನ್ನು ತರಬೇಡಿ. ಮುಳ್ಳು ತಾಗಿದರೆ ಹರಿಯುತ್ತವೆ, ಒಳಗೆ ಏನಿದೆಯೆಂದು ಕಾಣುವುದಿಲ್ಲ, ಕೊನೆಗೆ ಅವೂ ಕಸವೇ. ಗೊಬ್ಬರದ ಗೋಣಿ ಬಳಸುವುದಾದರೆ ತೊಳೆದು ಒಣಗಿಸಿರಬೇಕು. ಬಕೆಟ್ ಬೇಕಾಗುವುದು ಒಡೆದ ಗಾಜಿಗೆ. ಒಡೆದ ಗಾಜನ್ನು ಗೋಣಿಗೆ ಹಾಕಿ ಹೆಗಲಿಗೇರಿಸಿದರೆ ಬೆನ್ನು ಕೊಯ್ಯುತ್ತದೆ.

ಹೆಕ್ಕುವ ಸರಿಯಾದ ಕ್ರಮ ಯಾವುದು?

ಎರಡು ಮೂರು ಮೀಟರ್ ಅಂತರದಲ್ಲಿ ಸಾಲಾಗಿ ನಿಂತು ಒಂದೇ ದಿಕ್ಕಿಗೆ ನಿಧಾನವಾಗಿ ಸರಿಯಿರಿ. ಮೊದಲು ಕೋಲಿನಿಂದ ತರಗೆಲೆ ಸರಿಸಿ, ನೋಡಿ, ಆಮೇಲೆ ಇಕ್ಕಳ ಅಥವಾ ಕೈ. ಕಾಣದ ಜಾಗಕ್ಕೆ ಕೈ ಹಾಕಬಾರದು: ಬಂಡೆಯ ಸಂದಿ, ಮರದ ಪೊಟರೆ, ಟಯರಿನ ಒಳಗು, ತಗಡಿನ ಅಡಿ. ತಗಡು, ಹಲಗೆ, ಟಯರನ್ನು ಎತ್ತುವಾಗ ದೂರದ ಅಂಚನ್ನು ಕೋಲಿನಿಂದ ನಿಮ್ಮ ಕಡೆಗೆ ಎತ್ತಿ. ಆಗ ಅಡಿಯಲ್ಲಿದ್ದ ಹಾವಿಗೆ ಆಚೆ ಹೋಗಲು ದಾರಿ ಇರುತ್ತದೆ, ನಿಮ್ಮ ಕಾಲಿಗೂ ಅದಕ್ಕೂ ನಡುವೆ ತಗಡು ಇರುತ್ತದೆ.

ಇಳಿಜಾರಿನಲ್ಲಿ ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು. ಉರುಳಿದ ಬಾಟ್ಲಿ, ಸಡಿಲವಾದ ಮುರಕಲ್ಲು ಕೆಳಗಿದ್ದವರ ತಲೆಗೇ ಬೀಳುವುದು. ಗೋಣಿಯನ್ನು ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಗಾಜಾದರೆ ಮೂರರಲ್ಲೊಂದು ಭಾಗ ಸಾಕು. ಖಾಲಿ ಬಿಯರ್ ಬಾಟ್ಲಿಯ ತೂಕ ಅರ್ಧ ಕಿಲೋದ ಆಸುಪಾಸು. ನಲವತ್ತು ಬಾಟ್ಲಿ ಎಂದರೆ ಇಪ್ಪತ್ತು ಕಿಲೋ, ಅದಕ್ಕಿಂತ ಹೆಚ್ಚನ್ನು ಗುಡ್ಡೆ ಹತ್ತಿಸುವುದು ಸೊಂಟಕ್ಕೆ ಅಪಾಯ.

ಬಾಟ್ಲಿ, ಡಬ್ಬಿ ಎತ್ತಿದ ಕೂಡಲೇ ಗೋಣಿಗೆ ಹಾಕಬೇಡಿ. ಬಗ್ಗಿಸಿ ನೀರು ಮಣ್ಣು ಹೊರಗೆ ಚೆಲ್ಲಿ. ಕಪ್ಪೆ, ಬಸವನಹುಳ, ಇರುವೆಗೂಡು ಇದ್ದರೆ ಜೀವಿಗಳು ಹೊರಬರುವ ತನಕ ನೆರಳಿನಲ್ಲಿ ಒರಗಿಸಿಡಿ. ಬಾಯಿ ಕಿರಿದಾದ ಬಾಟ್ಲಿಯೊಳಗೆ ಹುಳಹುಪ್ಪಟೆ ಇಳಿದರೆ ಹೊರಬರಲಾಗದೆ ಸಾಯುತ್ತವೆ. ಅದಕ್ಕಾಗಿಯೇ ಮಣ್ಣಿನಲ್ಲಿ ಅರ್ಧ ಹುಗಿದು ಬಾಯಿ ಮೇಲಾಗಿರುವ ಬಾಟ್ಲಿಗಳನ್ನು ಹುಡುಕಿ ತೆಗೆಯುವುದು ಲೆಕ್ಕಕ್ಕೆ ಸಣ್ಣದಾದರೂ ದೊಡ್ಡ ಉಪಕಾರ.

ತೋಡಿನಲ್ಲಿ ಕೆಲಸ ಮಾಡುವಾಗ ಕೆಳಗಿನಿಂದ ಮೇಲಕ್ಕೆ, ನೀರಿಗೆ ಎದುರಾಗಿ ನಡೆಯಿರಿ. ನೀವು ಕಲಕಿದ ಕೆಸರು ಹಿಂದಕ್ಕೆ ಹರಿದುಹೋಗಿ ಮುಂದಿನ ನೀರು ತಿಳಿಯಾಗಿರುತ್ತದೆ. ಕೆಳತುದಿಯಲ್ಲಿ ಒಂದು ಹಳೆಯ ಬಲೆ ಅಡ್ಡ ಕಟ್ಟಿದರೆ ಕೈತಪ್ಪಿದ್ದು ಅಲ್ಲಿ ಸಿಗುತ್ತದೆ, ಹೋಗುವಾಗ ಬಲೆ ಬಿಚ್ಚಲು ಮರೆಯಬೇಡಿ. ಬೇರಿಗೆ ಸುತ್ತಿದ ಬಟ್ಟೆ, ಪ್ಲಾಸ್ಟಿಕ್ ಹಗ್ಗವನ್ನು ಎಳೆಯದೆ ಕತ್ತರಿಸಿ ತೆಗೆಯಿರಿ. ಎಳೆದರೆ ದಂಡೆಯ ಮಣ್ಣೇ ಕುಸಿಯುತ್ತದೆ.

ಏನನ್ನು ತೆಗೆಯಬಾರದು?

ಕಾಡಿನದ್ದು ಯಾವುದನ್ನೂ ತೆಗೆಯಬಾರದು. ತರಗೆಲೆ, ಒಣ ಕೊಂಬೆ, ಕೊಳೆತ ಮರ, ಹುತ್ತ, ಲದ್ದಿ, ಬಿದ್ದ ಹಣ್ಣು, ಕಲ್ಲು ಎಲ್ಲವೂ ಅಲ್ಲೇ ಇರಲಿ. ಮನೆಯಂಗಳ ಗುಡಿಸಿದ ಅಭ್ಯಾಸದಿಂದ ಕೆಲವರು ಹಿಡಿಸೂಡಿ ತಂದು ತರಗೆಲೆ ಗುಡಿಸಲು ತೊಡಗುತ್ತಾರೆ. ಅದರಿಂದ ಮಣ್ಣು ಬರಿದಾಗಿ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ, ಮೊಳೆತ ಸಸಿಗಳೂ ಹೋಗುತ್ತವೆ. ಹಿಡಿಸೂಡಿ ಮನೆಯಲ್ಲೇ ಇರಲಿ.

ಉದುರಿದ ಜಿಂಕೆ ಕೊಂಬು, ಎಲುಬು, ಮುಳ್ಳುಹಂದಿಯ ಮುಳ್ಳು ಸಿಕ್ಕಿದರೆ ನೆನಪಿಗೆಂದು ಜೇಬಿಗೆ ಹಾಕಿಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಂಥವು ನಿಮ್ಮನ್ನು ಕೇಸಿಗೆ ಸಿಲುಕಿಸಬಹುದು. ನಾಗಬನ, ಕಾವುಗಳ ಹತ್ತಿರ ಕಾಣುವ ಹಳೆಯ ಮಡಕೆ, ದೀಪ, ಕಲ್ಲುಗಳೂ ಕಸವಲ್ಲ. ಅಲ್ಲಿನ ಪ್ಲಾಸ್ಟಿಕ್ ಕವರು, ಎಣ್ಣೆಯ ಬಾಟ್ಲಿ ತೆಗೆಯಬೇಕೆಂದರೂ ಬನಕ್ಕೆ ಸಂಬಂಧಪಟ್ಟ ಮನೆಯವರನ್ನು ಕೇಳಿಯೇ ತೆಗೆಯಿರಿ.

ಮುಟ್ಟಲೇಬಾರದ ವಸ್ತುಗಳು ಯಾವುವು?

ಮೊದಲನೆಯದು ಹಂದಿಗೆ ಇಡುವ ಸಿಡಿಮದ್ದು. ನೂಲು, ಬಟ್ಟೆ ಅಥವಾ ಪ್ಲಾಸ್ಟಿಕ್ ಸುತ್ತಿದ ಉಂಡೆಯಂತೆ ಇರುತ್ತದೆ, ಕೆಲವೊಮ್ಮೆ ಹಣ್ಣು, ಹಿಟ್ಟು, ಕೊಬ್ಬಿನೊಳಗೆ ಅಡಗಿಸಿರುತ್ತಾರೆ. ಕಚ್ಚಿದರೆ, ಒತ್ತಿದರೆ ಸಿಡಿಯುತ್ತದೆ. 2020ರಲ್ಲಿ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಸತ್ತದ್ದು ಇಂಥ ಸಿಡಿಮದ್ದಿನಿಂದಲೇ. ಸಂಶಯ ಬಂದರೆ ಕೋಲಿನಿಂದಲೂ ತಟ್ಟಬೇಡಿ. ಬಂದ ದಾರಿಯಲ್ಲೇ ಹಿಂದೆ ಸರಿದು, ಎಲ್ಲರನ್ನೂ ಮಾರ್ಗಕ್ಕೆ ಕರೆದು, ಅರಣ್ಯ ಸಿಬ್ಬಂದಿಗೆ ತೋರಿಸಿ. ಆ ದಿನದ ಕೆಲಸ ಆ ಜಾಗದಲ್ಲಿ ಅಲ್ಲಿಗೆ ಮುಗಿಯಿತು.

ಎರಡನೆಯದು ತಂತಿಯ ಉರುಳು. ಬೈಕಿನ ಕ್ಲಚ್ ವಯರಿನಂಥ ತಂತಿಯನ್ನು ಗಿಡದ ಬುಡಕ್ಕೆ ಕಟ್ಟಿ ಕುಣಿಕೆ ಮಾಡಿರುತ್ತಾರೆ. ಇದು ಸಾಕ್ಷ್ಯ. ಬಿಚ್ಚಬೇಡಿ, ಫೋಟೋ ತೆಗೆದು ವಾಚರನ್ನು ಕರೆಯಿರಿ. ಒಂದು ಕಂಡಲ್ಲಿ ಇನ್ನೂ ಕೆಲವು ಇರುವುದೇ ಹೆಚ್ಚು.

ಸೂಜಿ, ಸಿರಿಂಜು, ರಕ್ತದ ಬ್ಯಾಂಡೇಜು: ನಿಮ್ಮ ಕೈಗವಸು ಸೂಜಿಯನ್ನು ತಡೆಯುವುದಿಲ್ಲ. ಇಕ್ಕಳದಲ್ಲಿ ಹಿಡಿದು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡಿ. ಸೂಜಿ ಚುಚ್ಚಿದರೆ ಸಾಬೂನು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಮರುದಿನಕ್ಕೆ ಇಡಬಾರದು. ಕೋಳಿ ಅಂಗಡಿಯ ತ್ಯಾಜ್ಯದ ಗೋಣಿ ಸ್ವಯಂಸೇವಕರ ಕೆಲಸವಲ್ಲ, ಪಂಚಾಯತಿಗೆ ಹೇಳಿ. ಸತ್ತ ಮಂಗವನ್ನು ಮುಟ್ಟಬೇಡಿ, ಆರೋಗ್ಯ ಇಲಾಖೆಗೂ ಅರಣ್ಯ ಇಲಾಖೆಗೂ ತಿಳಿಸಿ. ಕಾರಣ, ಮುಂದೆ ಉಣುಗಿನ ಪ್ರಶ್ನೆಯಲ್ಲಿ ಹೇಳಿರುವ ಮಂಗನ ಕಾಯಿಲೆ.

ಕೀಟನಾಶಕದ ಹಳೆಯ ಡಬ್ಬಿ, ಡ್ರಮ್ಮು ಸಿಕ್ಕಿದರೂ ದೂರ ಇರಿ. ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದ ಜಿಲ್ಲೆ ಇದು. ಆ ವಿಷವನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು, ಆದರೆ ಮಣ್ಣಿಗೆ ಸೇರಿದ ವಿಷ ಏನು ಮಾಡುತ್ತದೆಂದು ಎಣ್ಮಕಜೆ, ಮುಳಿಯಾರು, ಪೆರಿಯದವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಸರು ಅಳಿಸಿಹೋದ ಡಬ್ಬಿಯನ್ನು ವಿಷವೆಂದೇ ತಿಳಿಯಿರಿ.

ಆನೆ ಬಂದರೆ?

ಸೀಟಿಯ ಒಂದು ಸಂಕೇತವನ್ನು ಮೊದಲೇ ಹೇಳಿಕೊಡಿ. ಉದ್ದದ ಒಂದು ಸೀಟಿ ಎಂದರೆ ನಿಂತು ಮುಂದಾಳನ್ನು ನೋಡಿ. ಗಿಡ್ಡದ ಮೂರು ಎಂದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಮಾರ್ಗಕ್ಕೆ ನಡೆಯಿರಿ. ಗೋಣಿ ಹೊತ್ತುಕೊಂಡು ಓಡಬಾರದು, ಓಡಲೇಬಾರದು. ಆನೆ ತೀರಾ ಹತ್ತಿರವಿದ್ದರೆ ಸೀಟಿಯೂ ಬೇಡ, ಕೈಸನ್ನೆ ಸಾಕು. ಹಸಿ ಲದ್ದಿ, ಈಗಷ್ಟೇ ಮುರಿದ ಕೊಂಬೆ, ಗಾಢ ವಾಸನೆ ಗಮನಕ್ಕೆ ಬಂದರೆ ವಾಚರಿಗೆ ಹೇಳಿ. ಅವರು ಹಿಂದೆ ಹೋಗೋಣ ಎಂದರೆ ಚರ್ಚೆ ಬೇಡ. ವಿಡಿಯೋಗಾಗಿ ನಿಂತವರನ್ನು ಮುಂದಿನ ಸಲ ಕರೆಯಬೇಡಿ.

ಹಾವು ಕಚ್ಚಿದರೆ?

ಕಚ್ಚಿಸಿಕೊಂಡವರನ್ನು ಕೂರಿಸಿ, ಆ ಕೈ ಅಥವಾ ಕಾಲು ಅಲ್ಲಾಡದಂತೆ ಕೋಲು, ಬಟ್ಟೆಯಿಂದ ಆಧಾರ ಕೊಡಿ. ಉಂಗುರ, ಬಳೆ, ವಾಚು, ಬೂಟು ತೆಗೆಯಿರಿ, ಊತ ಬಂದ ಮೇಲೆ ತೆಗೆಯಲಾಗುವುದಿಲ್ಲ. ನಡೆಸಬೇಡಿ, ಎತ್ತಿಕೊಂಡು ವಾಹನಕ್ಕೆ ತನ್ನಿ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಹೀರುವುದು, ಐಸ್ ಇಡುವುದು ಯಾವುದೂ ಬೇಡ. ಕಚ್ಚಿದ ಹೊತ್ತನ್ನು ಬರೆದುಕೊಳ್ಳಿ. ಹಾವನ್ನು ಹಿಡಿಯಲು, ಹೊಡೆಯಲು ಹೋಗಬೇಡಿ. ದೂರದಿಂದ ಫೋಟೋ ಸಿಕ್ಕಿದರೆ ವೈದ್ಯರಿಗೆ ಉಪಯೋಗ. ನಮ್ಮಲ್ಲಿ ಸಿಗುವ ವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಪಶ್ಚಿಮಘಟ್ಟದ ಕಾಡಿನ ತರಗೆಲೆಯಲ್ಲಿ ಅಡಗುವ ಗೂನು ಮೂಗಿನ ಕುಳಿಮಂಡಲಕ್ಕೆ ಅದು ನಾಟುವುದಿಲ್ಲ. ಆದ್ದರಿಂದ ಯಾವ ಹಾವೆಂದು ತಿಳಿದರೆ ಚಿಕಿತ್ಸೆ ಸುಲಭ.

ಒಂದು ವಾಹನ ಮುಖವನ್ನು ಊರಿನ ಕಡೆಗೆ ತಿರುಗಿಸಿ, ಚಾಲಕ ಬಿಟ್ಟುಹೋಗದಂತೆ ಸಿದ್ಧವಾಗಿರಬೇಕು. ವಿಷದ ಮದ್ದು ಎಲ್ಲಿದೆ ಎಂದು ಕಾಸರಗೋಡು ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ ಮತ್ತು ಹತ್ತಿರದ ತಾಲೂಕು ಆಸ್ಪತ್ರೆಗೆ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಆಂಬುಲೆನ್ಸಿಗೆ 108. ಕಾಡಿನಲ್ಲಿ ಅನೇಕ ಕಡೆ ನೆಟ್‌ವರ್ಕ್ ಇರುವುದಿಲ್ಲ, ಯಾವ ತಿರುವಿನಲ್ಲಿ ಸಿಗ್ನಲ್ ಸಿಗುತ್ತದೆಂದು ಮೊದಲೇ ನಡೆದು ನೋಡಿ ಗುರುತು ಮಾಡಿ. ಹಾವು ಕಚ್ಚದೆ ಕಸದ ರಾಶಿಯಲ್ಲಿ ಸುಮ್ಮನೆ ಸುರುಳಿ ಸುತ್ತಿ ಕುಳಿತಿದ್ದರೆ ಆ ರಾಶಿ ಬಿಟ್ಟುಬಿಡಿ. ಮನೆಗಳ ಹತ್ತಿರವಾದರೆ ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್ ಮೂಲಕ ತರಬೇತಾದವರನ್ನು ಕರೆಸಬಹುದು.

ಉಣುಗು, ಉಂಬಳ, ತುರಿಕೆಗೆ ಏನು ಮಾಡಬೇಕು?

ಉಣುಗನ್ನು ಹಗುರವಾಗಿ ನೋಡಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ವಯನಾಡಿನಲ್ಲೂ ಕಾಣಿಸಿಕೊಂಡಿದೆ. ಅದು ಹೆಚ್ಚು ಹರಡುವುದು ಡಿಸೆಂಬರಿನಿಂದ ಮೇ ತನಕ, ಅಂದರೆ ನಾವು ಕಾಡಿಗೆ ಹೋಗುವ ತಿಂಗಳುಗಳಲ್ಲೇ. ಕಾಲು, ಸೊಂಟ, ಕುತ್ತಿಗೆಗೆ ಉಣುಗು ದೂರ ಇಡುವ ಎಣ್ಣೆ ಹಚ್ಚಿಕೊಳ್ಳಿ, ನೆಲದಲ್ಲಿ ಕುಳಿತುಕೊಳ್ಳಬೇಡಿ. ಮನೆಗೆ ಹೋದ ಕೂಡಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಮೈ ತಿಕ್ಕಿ ಮೀಯಿರಿ, ಕಂಕುಳು, ಮೊಣಕಾಲ ಹಿಂಬದಿ, ಕಿವಿಯ ಹಿಂದೆ ನೋಡಿ. ಹತ್ತಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಜಜ್ಜಬೇಡಿ. ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಇಲಿಜ್ವರಕ್ಕೂ ಈ ಮಾತು ಅನ್ವಯ: ಕೆಸರು ನೀರಿನಲ್ಲಿ ಕೆಲಸ ಮಾಡುವವರು ಮುಂಜಾಗ್ರತೆಯ ಮಾತ್ರೆಯ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಮೊದಲೇ ವಿಚಾರಿಸಲಿ.

ಉಂಬಳಕ್ಕೆ ಉಪ್ಪು ಅಥವಾ ಸುಣ್ಣ ಸಾಕು. ನಸುಗುನ್ನಿಯ ಒಣ ಕಾಯಿಯ ರೋಮ ತಾಗಿದರೆ ಉಜ್ಜಬೇಡಿ, ಅಂಟುಪಟ್ಟಿ ಒತ್ತಿ ತೆಗೆದು ಆಮೇಲೆ ತೊಳೆಯಿರಿ. ಚೇರೆ ಮರದ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಆ ಮರ ಎಲ್ಲಿದೆಯೆಂದು ಊರಿನ ಹಿರಿಯರಲ್ಲಿ ಕೇಳಿ ಒಂದು ಬಟ್ಟೆ ಕಟ್ಟಿ ಗುರುತು ಮಾಡಿಡಿ, ಕೆಲಸ ಮುಗಿದ ಮೇಲೆ ಬಿಚ್ಚಿ.

ಹೆಕ್ಕಿದ ಕಸ ಎಲ್ಲಿಗೆ ಹೋಗಬೇಕು?

ಇಡೀ ದಿನದ ಕೆಲಸ ಸಾರ್ಥಕವೋ ವ್ಯರ್ಥವೋ ಎಂದು ತೀರ್ಮಾನವಾಗುವುದು ಇಲ್ಲಿ. ಗೋಣಿಗಳನ್ನು ಮಾರ್ಗದ ಬದಿ ಸಾಲಾಗಿ ಇಟ್ಟು, ‘ನಾಳೆ ಲಾರಿ ಬರುತ್ತದೆ’ ಎಂದು ಹೊರಟರೆ ರಾತ್ರಿ ಹಂದಿ, ನಾಯಿ ಗೋಣಿ ಹರಿಯುತ್ತವೆ, ಮಂಗ ಬಾಯಿ ಬಿಚ್ಚುತ್ತದೆ, ಉಪ್ಪಿನ ವಾಸನೆಗೆ ಆನೆಯೂ ಬರಬಹುದು. ಅದಕ್ಕಿಂತ ಕೆಟ್ಟದ್ದು, ಗೋಣಿಗಳ ಸಾಲು ಕಂಡವರು ಇಲ್ಲಿ ಕಸ ಹಾಕಬಹುದೆಂದು ತಮ್ಮದನ್ನೂ ಸೇರಿಸುತ್ತಾರೆ. ಹೆಕ್ಕದೇ ಬಿಟ್ಟಿದ್ದರೆ ಚದುರಿಯೇ ಇರುತ್ತಿದ್ದ ಕಸ ಈಗ ಒಂದೇ ಕಡೆ ರಾಶಿಯಾಗಿ ಕೊಳೆಯುತ್ತದೆ. ಸಾಗಾಟದ ವಾಹನ ಖಚಿತವಾಗದೆ ದಿನಾಂಕ ನಿಗದಿ ಮಾಡಲೇಬೇಡಿ.

ಕೇರಳದಲ್ಲಿ ಪ್ರತಿ ಪಂಚಾಯತಿನಲ್ಲಿ ಹರಿತ ಕರ್ಮ ಸೇನೆ (ಹಸಿರು ಕ್ರಿಯಾಸೇನೆ) ಇದೆ. ಮನೆಮನೆಯಿಂದ ಒಣಕಸ ತರುವ ಈ ಮಹಿಳೆಯರು ಅದನ್ನು ಎಂ.ಸಿ.ಎಫ್. ಎಂಬ ಸಂಗ್ರಹ ಕೇಂದ್ರದಲ್ಲಿ ವಿಂಗಡಿಸುತ್ತಾರೆ, ಅಲ್ಲಿಂದ ಅದು ಕ್ಲೀನ್ ಕೇರಳ ಕಂಪೆನಿಯಂಥ ಸಂಸ್ಥೆಗಳಿಗೆ ಹೋಗುತ್ತದೆ. ನಿಮ್ಮ ಕಸವೂ ಅದೇ ದಾರಿಯಲ್ಲಿ ಹೋಗಬೇಕು. ಆದರೆ ಅವರಿಗೆ ಹೇಳದೆ ಎಂಬತ್ತು ಗೋಣಿ ತಂದು ಅವರ ಬಾಗಿಲಿಗೆ ಸುರಿಯುವುದು ಅನ್ಯಾಯ. ಹದಿನೈದು ದಿನ ಮೊದಲು ಪಂಚಾಯತ್ ಕಾರ್ಯದರ್ಶಿ ಮತ್ತು ಸೇನೆಯ ಮುಖ್ಯಸ್ಥೆ ಇಬ್ಬರೊಂದಿಗೂ ಕುಳಿತು ನಾಲ್ಕು ವಿಷಯ ಮಾತಾಡಿ: ಯಾವ ಬಗೆ ತೆಗೆದುಕೊಳ್ಳುತ್ತಾರೆ, ಎಷ್ಟು ಗೋಣಿಗೆ ಜಾಗವಿದೆ, ಆ ದಿನ ಕೇಂದ್ರ ಯಾರು ತೆರೆಯುತ್ತಾರೆ, ಶುಲ್ಕ ಎಷ್ಟು. ಗಾಜು, ಚಪ್ಪಲಿ, ಬ್ಯಾಗು, ಹಳೆ ಬಟ್ಟೆ, ಇಲೆಕ್ಟ್ರಾನಿಕ್ ಕಸ ಇವುಗಳನ್ನು ಕ್ಯಾಲೆಂಡರಿನ ಪ್ರಕಾರ ಬೇರೆಬೇರೆ ತಿಂಗಳು ತೆಗೆದುಕೊಳ್ಳುವ ಕ್ರಮವಿದೆ. ಗಾಜು ತೆಗೆದುಕೊಳ್ಳದ ತಿಂಗಳಾದರೆ ಗುಜರಿಯವರನ್ನು ಗೊತ್ತು ಮಾಡಿ. ಹರಿತ ಕರ್ಮ ಸೇನೆಯ ಹೆಣ್ಣುಮಕ್ಕಳು ಭಾನುವಾರ ನಿಮಗಾಗಿ ಬಂದರೆ ಅಂದಿನ ಕೂಲಿ ಕೊಡಿ. ಸ್ವಯಂಸೇವೆ ನಿಮ್ಮದು, ಅವರದ್ದು ಉದ್ಯೋಗ.

ವಿಂಗಡಣೆ ಕಾಡಿನ ಅಂಚಿನಲ್ಲೇ ನಡೆಯಲಿ, ಟಾರ್ಪಾಲಿನ ಮೇಲೆ. ನೀರಿನ ಮತ್ತು ಸೋಡದ ಬಾಟ್ಲಿ ಒಂದು ಕಡೆ, ತೆಳು ಪ್ಲಾಸ್ಟಿಕ್ ಕವರು ಇನ್ನೊಂದು ಕಡೆ, ಚಿಪ್ಸ್ ಮತ್ತು ಗುಟ್ಕಾದ ಹೊಳೆಯುವ ಪೊಟ್ಟಣ ಮತ್ತೊಂದು ಕಡೆ, ಇಡಿ ಗಾಜು, ಒಡೆದ ಗಾಜು, ಲೋಹ, ಚಪ್ಪಲಿ-ಬಟ್ಟೆ, ಥರ್ಮೋಕೋಲು ಬೇರೆ ಬೇರೆ. ಹೊಳೆಯುವ ಪೊಟ್ಟಣದಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ಪದರ ಒಂದಕ್ಕೊಂದು ಅಂಟಿರುವುದರಿಂದ ಸಾಮಾನ್ಯ ಪ್ಲಾಸ್ಟಿಕ್ಕಿನ ಜೊತೆ ಕರಗಿಸಲಾಗುವುದಿಲ್ಲ. ಒಂದು ಗೋಣಿ ಒಳ್ಳೆಯ ಪ್ಲಾಸ್ಟಿಕ್ಕಿಗೆ ಅದು ಬೆರೆತರೆ ಇಡೀ ಗೋಣಿಯ ಬೆಲೆ ಇಳಿಯುತ್ತದೆ. ಕೆಸರು, ನೀರು ಇರುವ ಪ್ಲಾಸ್ಟಿಕ್ಕಿಗೂ ಇದೇ ಗತಿ: ತೂಕದಲ್ಲಿ ಮಣ್ಣೇ ಹೆಚ್ಚು, ಪುನರ್ಬಳಕೆಯ ಘಟಕ ತಿರಸ್ಕರಿಸುತ್ತದೆ. ಕೊಡವಿ, ಬಿಸಿಲಿಗೆ ಅರ್ಧ ಗಂಟೆ ಹರಡಿ, ಆಮೇಲೆ ತುಂಬಿ. ತೋಡಿನಲ್ಲಿ ತೊಳೆಯಬೇಡಿ. ಡಯಾಪರ್, ಸ್ಯಾನಿಟರಿ ಪ್ಯಾಡ್ ಇರುವ ಮೂಟೆ ಬಿಚ್ಚದೆ ಎರಡು ಗೋಣಿ ಹಾಕಿ ಕಟ್ಟಿ, ಗುರುತು ಬರೆದು, ಪಂಚಾಯತಿಗೆ ಪ್ರತ್ಯೇಕ ಒಪ್ಪಿಸಿ. ಗೋಣಿಯ ಬಾಯಿ ಕಟ್ಟಿದ ಮೇಲೆ ತೂಗಿ, ಬಗೆ ಮತ್ತು ತೂಕ ಬರೆದು, ಕೇಂದ್ರದಲ್ಲಿ ಇಳಿಸಿದ ಮೇಲೆ ರಶೀದಿ ಅಥವಾ ಸಹಿ ಪಡೆಯಿರಿ.

ಅಲ್ಲೇ ಸುಟ್ಟರೆ, ಹೂತರೆ ಆಗದೇ?

ಆಗದು. ಮೀಸಲು ಕಾಡಿನಲ್ಲಿ ಬೆಂಕಿ ಹಚ್ಚುವುದೇ ಅಪರಾಧ, ಪ್ಲಾಸ್ಟಿಕ್ಕಿನ ಹೊಗೆ ವಿಷ. ಹೂತದ್ದನ್ನು ಹಂದಿ ಒಂದೇ ರಾತ್ರಿಯಲ್ಲಿ ಅಗೆದು ಹಾಕುತ್ತದೆ.

ಊಟ ತಿಂಡಿಯ ವ್ಯವಸ್ಥೆ ಹೇಗಿರಬೇಕು?

ಕಾಡಿನೊಳಗೆ ತಿನ್ನುವುದು ಬೇಡ. ಹತ್ತು ಗಂಟೆಗೆ ವಾಹನದ ಹತ್ತಿರ ಕೈ ತೊಳೆದು ಅವಲಕ್ಕಿ, ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗೆ ಅಥವಾ ಪುನರ್ಪುಳಿ ಶರಬತ್ತು. ಊಟ ಹತ್ತಿರದ ಶಾಲೆ, ಕ್ಲಬ್ಬಿನಲ್ಲಿ, ಸ್ಟೀಲ್ ಬಟ್ಟಲು ಅಥವ ಬಾಳೆ ಎಲೆಯಲ್ಲಿ. ಬಾಳೆಹಣ್ಣಿನ ಸಿಪ್ಪೆಯೂ ವಾಪಸ್ ಬರಬೇಕು. ಮಾರ್ಗದ ಬದಿ ತಿಂಡಿ ಸಿಗುತ್ತದೆಂದು ಮಂಗಗಳಿಗೆ ಅಭ್ಯಾಸವಾದರೆ ವಾಹನದಡಿಗೆ ಬಿದ್ದು ಸಾಯುವುದು ಅವೇ.

ಕಸ ಎಸೆದವರ ಗುರುತು ಸಿಕ್ಕಿದರೆ?

ಮೂಟೆ ಕಟ್ಟಿ ಎಸೆದ ಕಸದಲ್ಲಿ ಕೊರಿಯರ್ ಕವರು, ಕರೆಂಟ್ ಬಿಲ್ಲು, ಔಷಧ ಚೀಟಿ ಸಿಗುವುದುಂಟು. ಕದಲಿಸುವ ಮೊದಲು ಇದ್ದ ಜಾಗದಲ್ಲೇ ಫೋಟೋ ತೆಗೆದು, ಕಾಗದವನ್ನು ಪ್ರತ್ಯೇಕ ಲಕೋಟೆಯಲ್ಲಿ ಅರಣ್ಯ ಸಿಬ್ಬಂದಿಗೆ ಅಥವಾ ಪಂಚಾಯತ್ ಕಾರ್ಯದರ್ಶಿಗೆ ಕೊಡಿ. ಹೆಸರನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಕಸವನ್ನು ದುಡ್ಡು ಕೊಟ್ಟು ಬೇರೆಯವರ ಕೈಗೆ ಒಪ್ಪಿಸಿದ ಮನೆಯವರ ಹೆಸರೂ ಅದಾಗಿರಬಹುದು. ಎಸೆಯುವ ವಾಹನ ಕಣ್ಣಿಗೆ ಬಿದ್ದರೆ ನಂಬರ್ ಮತ್ತು ಜಾಗ ಕಾಣುವ ಫೋಟೋವನ್ನು ಕೇರಳ ಸರಕಾರದ ವಾಟ್ಸ್ಆ್ಯಪ್ ದೂರು ಸಂಖ್ಯೆ 94467 00800ಕ್ಕೆ ಕಳುಹಿಸಬಹುದು. ಅವರ ಜೊತೆ ಮಾರ್ಗದಲ್ಲಿ ಜಗಳಕ್ಕೆ ನಿಲ್ಲಬೇಡಿ.

ಮುಂದಿನ ತಿಂಗಳು ಮತ್ತೆ ಕಸ ಬೀಳುವುದಿಲ್ಲವೇ?

ಏನೂ ಮಾಡದಿದ್ದರೆ ಬೀಳುತ್ತದೆ. ಅದಕ್ಕೇ ತೂಕದ ಪಟ್ಟಿ ಮುಖ್ಯ. ಯಾವ ತಿರುವಿನಲ್ಲಿ ಯಾವ ಬಗೆಯದ್ದು ಎಷ್ಟು ಎಂದು ಬರೆದ ಒಂದು ಪುಟವನ್ನು ಒಂದು ವಾರದೊಳಗೆ ರೇಂಜ್ ಕಚೇರಿಗೂ ಪಂಚಾಯತಿಗೂ ಕೊಟ್ಟರೆ, ಕ್ಯಾಮೆರಾ ಎಲ್ಲಿ ಬೇಕು, ವಾಹನ ನಿಲ್ಲದಂತೆ ಕಲ್ಲು ಎಲ್ಲಿ ಹಾಕಬೇಕು ಎಂದು ಅವರಿಗೆ ತಿಳಿಯುತ್ತದೆ. ಮನೆಕಸದ ಮೂಟೆಯೇ ಹೆಚ್ಚಿದ್ದರೆ ಆ ವಾರ್ಡಿನಲ್ಲಿ ಸಂಗ್ರಹಣೆ ಎಲ್ಲೋ ತಪ್ಪುತ್ತಿದೆ ಎಂದರ್ಥ. ಬಾಟ್ಲಿಯೇ ಹೆಚ್ಚಿದ್ದರೆ ಪರಿಹಾರ ಬೇರೆ: ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ 2022ರಿಂದ ಮದ್ಯದ ಬಾಟ್ಲಿಗೆ 10 ರೂಪಾಯಿ ಹೆಚ್ಚು ತೆಗೆದುಕೊಂಡು, ಖಾಲಿ ಬಾಟ್ಲಿ ತಂದವರಿಗೆ ಆ ಹಣ ಹಿಂದಿರುಗಿಸುವ ಕ್ರಮವಿದೆ. ಕೇರಳ–ಕರ್ನಾಟಕ ಗಡಿಯ ಎರಡೂ ಬದಿಯಲ್ಲಿ ಅಂಥದ್ದು ಬೇಕೆಂದು ಕೇಳಲು ನಿಮ್ಮ ಪಟ್ಟಿಗಿಂತ ಗಟ್ಟಿಯಾದ ಆಧಾರ ಬೇರೆ ಬೇಡ. ಮೂರು ತಿಂಗಳ ನಂತರ ಹತ್ತು ಜನ ಅದೇ ಜಾಗಕ್ಕೆ ಮತ್ತೆ ಹೋಗಿ ಅದೇ ರೀತಿ ತೂಗಿ ಬರೆಯಿರಿ.

ಪ್ರಮಾಣಪತ್ರ ಸಿಗುತ್ತದೆಯೇ?

ಎನ್.ಎಸ್.ಎಸ್. ವಿದ್ಯಾರ್ಥಿಗಳ ಸೇವೆಯ ಗಂಟೆಗಳನ್ನು ಅವರ ಕಾರ್ಯಕ್ರಮಾಧಿಕಾರಿ ದಾಖಲಿಸುತ್ತಾರೆ. ಅದಕ್ಕೆ ಹಾಜರಿ ಪಟ್ಟಿಯಲ್ಲಿ ಬರುವಾಗಲೂ ಹೋಗುವಾಗಲೂ ಸಹಿ ಇರಬೇಕು. ಎಲ್ಲರೂ ಕಾಡಿನಿಂದ ಹೊರಬಂದಿದ್ದಾರೆಂದು ಖಚಿತಪಡಿಸಿಕೊಳ್ಳುವುದೂ ಅದೇ ಪಟ್ಟಿಯಿಂದ, ಆದ್ದರಿಂದ ಪ್ರಮಾಣಪತ್ರ ಬೇಡದವರೂ ಎರಡು ಸಲ ಸಹಿ ಹಾಕಿ.